ಬಲ್ಮಠದ ಪಾದ್ರಿಗಳೂ ಜೆಪ್ಪುವಿನ ಹೆಂಚೂ

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು. ಹಳೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಆಕಳಿಸುತ್ತಾ ಕೂತವರು ಒಮ್ಮೆ ತಲೆಯೆತ್ತಿ ಮಾಡು ನೋಡಬೇಕು. ಸ್ಲಾಬು ಬಿದ್ದಿದ್ದರೆ ನೋಡುವುದಕ್ಕೆ ಏನೂ ಇಲ್ಲ, ಬಿಡಿ. ಅದೃಷ್ಟಕ್ಕೆ ಇನ್ನೂ ಹೆಂಚೇ ಉಳಿದಿದ್ದರೆ ಒಂದನ್ನು ಕೆಳಗಿಳಿಸಿ ಧೂಳು ಒರೆಸಿ ಮಗುಚಿ ಹಾಕಿ. ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಮಂಗಳೂರಿನ ಹಳೇ ಮಾಡುಗಳಲ್ಲಿ ಅಲ್ಲೊಂದು ಇಲ್ಲೊಂದು ಹೆಂಚಿನ ಮೇಲೆ 'ಬಾಸೆಲ್ ಮಿಷನ್' ಅಂತ ಕಂಡೀತು.

ಮಿಷನ್ ಅಂದರೆ ಧರ್ಮ ಪ್ರಚಾರದ ಸಂಸ್ಥೆ. ಹೆಂಚು ಅಂದರೆ ವ್ಯಾಪಾರ. ಬೈಬಲ್ ಹಿಡಿದುಕೊಂಡು ಹಡಗು ಹತ್ತಿ ಬಂದವರಿಗೆ ನೇತ್ರಾವತಿಯ ಕೆಸರಿನಲ್ಲಿ ಏನು ಕೆಲಸ?

ದಿನಾ ಬಸ್ಸಿನಲ್ಲಿ ಬಲ್ಮಠ ದಾಟಿ ಹೋಗುವವರು ಸಾವಿರಾರು ಮಂದಿ. ಕಂಡಕ್ಟರ್ ಸ್ಟಾಪಿನ ಹೆಸರು ಕೂಗುತ್ತಾನೆ, ನಾಲ್ಕು ಜನ ಇಳಿಯುತ್ತಾರೆ, ಆರು ಜನ ಹತ್ತುತ್ತಾರೆ, ರೈಟ್ ರೈಟ್! ಆ ಗುಡ್ಡದ ಮೇಲೆ 1862ರ ಶಾಂತಿ ಕೆಥೆಡ್ರಲ್ ಉಂಟು, ಪಾದ್ರಿಗಳನ್ನು ತಯಾರು ಮಾಡುವ ಥಿಯಲಾಜಿಕಲ್ ಕಾಲೇಜು ಉಂಟು. ಮೇಲಿನ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ.

ಸಂಗತಿ ಶುರುವಾದದ್ದು 1834ರ ಅಕ್ಟೋಬರಿನಲ್ಲಿ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ ಕಳಿಸಿದ ಮೂವರು, ಹೆಬಿಕ್, ಲೇನರ್, ಗ್ರೈನರ್, ಕಲ್ಲಿಕೋಟೆಯಲ್ಲಿ ಇಳಿದು ಅದೇ ತಿಂಗಳ ಕೊನೆಗೆ ಮಂಗಳೂರು ಸೇರಿದರು. ಕ್ರೈಸ್ತರು ಈ ಊರಿಗೆ ಹೊಸಬರೇನಲ್ಲ. ಕೊಂಕಣಿ ಮಾತಾಡುವ ಕಥೋಲಿಕರು ಅದಕ್ಕೂ ಎಷ್ಟೋ ಮೊದಲಿನಿಂದ ಇಲ್ಲಿದ್ದರು. ಬಂದವರು ಬೇರೆ ಪಂಗಡ, ಪ್ರೊಟೆಸ್ಟೆಂಟರು. ಮಿಷನ್ ಸ್ವಿಸ್ ಆದರೂ ಬಂದವರಲ್ಲಿ ಜರ್ಮನಿಯವರೇ ಹೆಚ್ಚು. ಹಾಗಾಗಿ ಊರವರ ಬಾಯಲ್ಲಿ ಅವರು 'ಜರ್ಮನ್ ಪಾದ್ರಿಗಳು'. ಹೆಚ್ಚಿನವರು ರೈತರ ಮಕ್ಕಳು, ಕಸುಬುದಾರರ ಮಕ್ಕಳು. ಕೈಗೆ ಕೆಲಸ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ತಮಗೆ ಸಿಕ್ಕಿದ ಬೆಳಕನ್ನು ಇನ್ನೊಬ್ಬರಿಗೆ ಹಂಚದೆ ಇರಬಾರದು ಅನ್ನುವುದು ಅವರ ನಂಬಿಕೆ. ಹಂಚುವುದು ಹೇಗೆ? ಹೆಬಿಕ್ ಸಾಹೇಬರಿಗೆ ಗೊತ್ತಿದ್ದದ್ದು ಒಂದೇ ದಾರಿ. ಉದ್ದ ಗಡ್ಡ, ಕೈಯಲ್ಲಿ ಕೊಡೆ, ಜಾತ್ರೆಯ ನಡುವೆ ನಿಂತು ಗಟ್ಟಿಯಾಗಿ ಸಾರುವುದು. ಮುಂದೆ ಕಣ್ಣೂರಿಗೆ ಹೋದ ಮೇಲೂ ಅದೇ ಚಾಳಿ. ಜಾತ್ರೆಗೆ ಬಂದವನು ದೇವರ ದರ್ಶನ ಮಾಡುವುದೋ, ಬಳೆ ಬತ್ತಾಸು ಕೊಳ್ಳುವುದೋ, ಈ ಬಿಳಿಯನ ಬೈಗುಳ ಕೇಳುವುದೋ? ಮಣ್ಣು, ಕಲ್ಲು ಬಿದ್ದವು. ಅವರು ಜಗ್ಗಲಿಲ್ಲ. ಧೈರ್ಯ ಮೆಚ್ಚಬೇಕು. ಆದರೆ ಇನ್ನೊಬ್ಬರ ಹಬ್ಬದ ದಿನ ಅವರ ದೇವರ ಎದುರಿಗೇ ನಿಂತು ಅದು ಸುಳ್ಳು ಅಂದರೆ ಯಾವ ಊರಿನಲ್ಲಿ ಆರತಿ ಎತ್ತುತ್ತಾರೆ?

ಎರಡು ವರ್ಷದ ನಂತರ, 1836ರಲ್ಲಿ, ಇನ್ನೊಬ್ಬರು ಬಂದರು. ಹೆರ್ಮನ್ ಮೊಗ್ಲಿಂಗ್. ವಯಸ್ಸು 25. ಇವರದ್ದು ಬೇರೆಯೇ ಹದ.

ಕಲ್ಲಚ್ಚಿನ ಪೇಪರು

ಮೊಗ್ಲಿಂಗ್ ಮೊದಲು ಬಾಯಿ ಬಿಡಲಿಲ್ಲ, ಕಿವಿ ಬಿಟ್ಟರು. ಕನ್ನಡ ಕಲಿತರು. ಹುಡುಗರನ್ನು ಕೂಡಿಸಿಕೊಂಡು ಶಾಲೆ ನಡೆಸಿದರು. 1841ರಲ್ಲಿ ಮಿಷನ್ನಿಗೆ ಕಲ್ಲಚ್ಚಿನ ಪ್ರೆಸ್ಸು ಬಂತು. 1843ರ ಜುಲೈ 1ರಂದು ಅದರಿಂದ ಹೊರಬಿತ್ತು 'ಮಂಗಳೂರು ಸಮಾಚಾರ', ಕನ್ನಡದ ಮೊತ್ತಮೊದಲ ಪತ್ರಿಕೆ. ಇವತ್ತು ಸಂಜೆ ಬಸ್ ಸ್ಟಾಂಡಿನಲ್ಲಿ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುವ ಕನ್ನಡ ಪೇಪರುಗಳಿಗೆಲ್ಲಾ ಅಜ್ಜ ಅದು.

ಪಾದ್ರಿ ಮಾಡಿದ ಪೇಪರು ಅಂದ ಮೇಲೆ ಪುಟ ತುಂಬಾ ಯೇಸುವಿನ ಕಥೆ ಇರಬೇಕಲ್ಲ? ಇರಲಿಲ್ಲ, ಅದೇ ಸ್ವಾರಸ್ಯ. ಊರ ವರ್ತಮಾನ, ಸರಕಾರದ ನಿರೂಪ, ದೂರದೇಶದ ಸುದ್ದಿ, ಕಥೆ, ನೀತಿ. ಓದಿದವನಿಗೆ ಜಗತ್ತು ತನ್ನ ಊರಿಗಿಂತ ದೊಡ್ಡದು ಅಂತ ತಿಳಿಯಲಿ ಅನ್ನುವುದು ಸಂಪಾದಕರ ಹಂಬಲ. ಪೇಪರಿಗೆ ಬೇಡಿಕೆ ಏರಿತು, ಕಲ್ಲಚ್ಚಿಗೆ ತಾಳಲಿಲ್ಲ. ಮರುವರ್ಷ ಮೊಳೆ ಅಚ್ಚು ಇದ್ದ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಅಂತ ಹೆಸರು ಬದಲಿಸಿಕೊಂಡಿತು. ಹೆಚ್ಚು ಕಾಲ ಬದುಕಲಿಲ್ಲ. ಪೇಪರು ನಡೆಸುವುದು ಆಗಲೂ ಸುಲಭದ ಬಾಬತ್ತಲ್ಲ ಎನ್ನಿ.

ಆಮೇಲೆ ಮೊಗ್ಲಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮದರಾಸಿನ ಅಧಿಕಾರಿ ಕಸಮಯೂರ್ ಹಣ ಕೊಟ್ಟರು. 1848ರಿಂದ ಸುಮಾರು ಐದು ವರ್ಷ ಹಳೇ ಓಲೆಗರಿಗಳನ್ನು ಹುಡುಕಿಸಿ ಅಚ್ಚು ಹಾಕಿಸಿದ್ದೇ ಹಾಕಿಸಿದ್ದು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು... ಕ್ರಿಸ್ತನನ್ನು ಸಾರಲು ಬಂದವರು ಪುರಂದರದಾಸರನ್ನು ಅಚ್ಚಿಗೆ ತಂದರು! ಮಠದವರು ಮಾಡಬೇಕಾದ ಕೆಲಸವನ್ನು ಪಾದ್ರಿ ಮಾಡಿದರು. ಯಾಕೆ ಅಂತ ಕೇಳಿದರೆ ಉತ್ತರ ಸರಳ. ಯಾರ ಹತ್ತಿರ ಮಾತಾಡಬೇಕೋ ಅವರ ಮನಸ್ಸು ಗೊತ್ತಿರಬೇಕು. ಅಂಗಡಿಕಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಾಕಿಯ ಮುಖ ನೋಡದೆ ಸರಕು ತೆಗೆದವನ ಅಂಗಡಿ ಎಷ್ಟು ದಿನ ನಡೆದೀತು? ಅಷ್ಟೇ ಆಗಿದ್ದರೆ ಇದು ವ್ಯಾಪಾರದ ಜಾಣತನ. ಕೆಲಸ ಮಾಡುತ್ತಾ ಮಾಡುತ್ತಾ ಅವರಿಗೆ ಈ ಭಾಷೆಯ ಮೇಲೆ ಮೋಹವೇ ಹುಟ್ಟಿಬಿಟ್ಟಿತ್ತು ಅನ್ನುವುದೂ ಅಷ್ಟೇ ನಿಜ.

ಮನೆ ಬಾಗಿಲು ಮುಚ್ಚಿತು

ಇಷ್ಟರ ನಡುವೆ 1844ರ ಜನವರಿಯಲ್ಲಿ ಊರಿಗೆ ಸಿಡಿಲು ಬಡಿದಂತೆ ಆಯಿತು. ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಬ್ರಾಹ್ಮಣ ಹುಡುಗರು ದೀಕ್ಷಾಸ್ನಾನ ತೆಗೆದುಕೊಂಡರು. ಅವರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. ಊರು ಎದ್ದು ನಿಂತಿತು. ಶಾಲೆಗೆ ಮಕ್ಕಳನ್ನು ಕಳಿಸಿದ ತಂದೆಯರಿಗೆ ಮೋಸ ಹೋದೆವು ಅಂತ ಅನ್ನಿಸಿದ್ದು ಸಹಜ. ಆನಂದರಾಯರ ಕೈಹಿಡಿದ ಹುಡುಗಿ ಗಂಡನ ಹಿಂದೆ ಬರಲಿಲ್ಲ. ಅವಳಿಗೂ ತನ್ನ ನಂಬಿಕೆ ಇತ್ತಲ್ಲ. ಹೊಸ ಧರ್ಮಕ್ಕೆ ಹೋದವನ ತ್ಯಾಗದ ಕಥೆಯನ್ನು ಮಿಷನ್ನಿನವರು ಬರೆದಿಟ್ಟರು. ಹಳೇ ಮನೆಯಲ್ಲೇ ಉಳಿದವಳದ್ದನ್ನು ಅದೇ ಅಕ್ಕರೆಯಿಂದ ಬರೆದವರು ಕಡಿಮೆ.

ಕೌಂಡಿನ್ಯರು ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ 1851ರಲ್ಲಿ ತಿರುಗಿ ಬಂದರು. ಬಲ್ಮಠದಲ್ಲಿ ಪಾಠ ಹೇಳಿದರು. ಮೊಗ್ಲಿಂಗ್ ಅಷ್ಟರಲ್ಲಿ ಕೊಡಗಿನ ದಾರಿ ಹಿಡಿದಿದ್ದರು. ಅಲ್ಲಿ ಜಮೀನುದಾರರ ಕೆಳಗೆ ಜೀತದಲ್ಲಿದ್ದ ದಲಿತ ಕುಟುಂಬಗಳು ಪಾದ್ರಿಗಳ ಬಳಿಗೆ ಬಂದಾಗ, ಅವರಿಗೆ ನಿಲ್ಲಲು ಸ್ವಂತ ನೆಲ ಬೇಕಾಯಿತು. ಕೌಂಡಿನ್ಯರ ಮುಂದಾಳ್ತನದಲ್ಲಿ ಜಾಗ ಮಾಡಿ ಊರು ಕಟ್ಟಿದರು. ಅದೇ ಅಮ್ಮತ್ತಿ ಕಡೆಯ ಆನಂದಪುರ. ಮಂಗಳೂರಿನ ಬ್ರಾಹ್ಮಣ ಮನೆತನದ ಹುಡುಗ, ಕೊಡಗಿನ ಹೊಲೆಯರ ನಡುವೆ! ಆ ಕಾಲಕ್ಕೆ ಇದಕ್ಕಿಂತ ದೂರದ ಪ್ರಯಾಣ ಇನ್ನೊಂದಿರಲಿಲ್ಲ, ಬಾಸೆಲ್ ಕೂಡಾ ಇಷ್ಟು ದೂರ ಅಲ್ಲ.

ಹೊಟ್ಟೆಯ ಪ್ರಶ್ನೆ

ಈಗ ಹೆಂಚಿಗೆ ಬರುವಾ.

ಕರಾವಳಿಯಲ್ಲಿ ಮಿಷನ್ನಿಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಅವರಲ್ಲಿ ಎಷ್ಟೋ ಜನರ ಕಸುಬು ಮೂರ್ತೆ, ಅಂದರೆ ಕಳ್ಳು ತೆಗೆಯುವುದು. ಪಾದ್ರಿಗಳಿಗೆ ಕಳ್ಳು ಆಗದು. ಸಭೆಗೆ ಸೇರಿದವನು ಮರ ಹತ್ತುವ ಹಾಗಿಲ್ಲ. ಒಕ್ಕಲಾಗಿದ್ದವನನ್ನು ಧನಿ ಗದ್ದೆಯಿಂದ ಎಬ್ಬಿಸಿದ. ಕೂಡುಕುಟುಂಬದಲ್ಲಿ ಇದ್ದವನಿಗೆ ಚಾವಡಿಯಲ್ಲಿ ಜಾಗ ಇಲ್ಲವಾಯಿತು. ಧರ್ಮ ಬಿಟ್ಟವನ ಆಸ್ತಿ ಹಕ್ಕು ಹೋಗಬಾರದು ಅಂತ ಸರಕಾರ 1850ರಲ್ಲಿ ಕಾಯಿದೆಯನ್ನೇನೋ ಮಾಡಿತು. ಕಾಯಿದೆ ಕಾಗದದ ಮೇಲೆ, ಬಾಗಿಲಿನ ಚಿಲಕ ಅಣ್ಣನ ಕೈಯಲ್ಲಿ!

ಹೀಗೆ ಭಾನುವಾರ ಪ್ರಾರ್ಥನೆ ಮುಗಿಸಿ ಹೊರಗೆ ಬಂದವನು ಸೋಮವಾರ ಏನು ತಿನ್ನಬೇಕು? 'ಪಾದ್ರಿಗಳೇ, ನೀವು ಹೇಳಿದ ಕಡೆ ಬಂದೆವು, ಮುಂದೆ?' ಅಂತ ಅವರು ಬಾಯಿ ಬಿಟ್ಟು ಕೇಳಿದರೋ ಇಲ್ಲವೋ, ಮುಖವಂತೂ ಕೇಳುತ್ತಿತ್ತು. ಬಾಸೆಲಿನವರಿಗೆ ಇಲ್ಲಿ ಎರಡು ದಾರಿ ಇತ್ತು. ಒಂದು, ಅನ್ನ ಹಾಕಿ ಕೂರಿಸುವುದು. ಇನ್ನೊಂದು, ಕೆಲಸ ಕೊಡುವುದು. ಬಿಟ್ಟಿ ಅನ್ನದ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಕಸುಬುದಾರರ ಮಕ್ಕಳು ಅಂತ ಮೊದಲೇ ಹೇಳಿದ್ದಲ್ಲವೇ?

ಮೊದಲು ಬೇಸಾಯ ನೋಡಿದರು, ಮರಗೆಲಸ ನೋಡಿದರು, ಗಡಿಯಾರದ ಕೆಲಸ ಕೂಡಾ ನೋಡಿದರು. ಯಾವುದೂ ಕುದುರಲಿಲ್ಲ. 1851ರಲ್ಲಿ ಹಾಲರ್ ಅನ್ನುವ ನೇಕಾರರು ಬಂದ ಮೇಲೆ ಬಲ್ಮಠದಲ್ಲಿ ಮಗ್ಗಗಳು ಸದ್ದು ಮಾಡಿದವು. ಮಿಷನ್ ಬಟ್ಟೆಗೆ ಹೆಸರು ಬಂತು. ಪೊಲೀಸರ ಖಾಕಿ ಹುಟ್ಟಿದ್ದೇ ಈ ನೇಯ್ಗೆಖಾನೆಯಲ್ಲಿ ಅಂತ ಎದೆ ತಟ್ಟಿ ಹೇಳುವವರು ಊರಲ್ಲಿ ಇದ್ದಾರೆ. ಉತ್ತರದ ಗಡಿಯ ಗೈಡ್ಸ್ ಪಡೆ ಅದಕ್ಕೂ ಕೆಲವು ವರ್ಷ ಮುಂಚೆಯೇ ಖಾಕಿ ತೊಟ್ಟಿತ್ತು. ಹಾಗಾಗಿ ಈ ಬಿರುದನ್ನು ಪೂರ್ತಿ ಮಂಗಳೂರಿಗೆ ಕಟ್ಟುವುದು ಬೇಡ. ಒಳ್ಳೆಯ ಬಣ್ಣ ಹಾಕುತ್ತಿದ್ದರು, ಅಷ್ಟು ಸಾಕು.

ಅಂತೂ ಸೈ ಅನ್ನಿಸಿದ್ದು ಮಣ್ಣು. ಪ್ಲೆಬ್ಸ್ಟ್ ಅನ್ನುವ, ಯಂತ್ರ ಬಲ್ಲ ಮಿಷನರಿ ಇಲ್ಲಿಯ ನದಿಮಣ್ಣನ್ನು ಹಿಸುಕಿ, ಸುಟ್ಟು, ಒಡೆದು, ಮತ್ತೆ ಸುಟ್ಟು ಪರೀಕ್ಷೆ ಮಾಡಿದರು. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರು. ಬಂಡವಾಳ ಅಂದರೆ ಇಬ್ಬರು ಕೂಲಿಗಳು, ಮಣ್ಣು ಅರೆಯಲು ಒಂದು ಜೊತೆ ಎತ್ತು. ದಿನಕ್ಕೆ 560 ಹೆಂಚು. ನಗಬೇಡಿ. ಮುಳಿಹುಲ್ಲಿನ, ಮಡಲಿನ ಮಾಡುಗಳ ಊರದು. ಬೇಸಿಗೆಯಲ್ಲಿ ಒಂದು ಕಿಡಿ ಹಾರಿದರೆ ಸಾಲು ಮನೆ ಬೂದಿ. ಮಳೆಗಾಲ ಬಂತೆಂದರೆ ವರ್ಷ ವರ್ಷ ಹೊದಿಕೆ ಬದಲಿಸಬೇಕು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಈ ಚಪ್ಪಟೆ ಹೆಂಚು ಬಂದದ್ದೇ ತಡ, ಊರು ಕೈನೀಡಿ ತೆಗೆದುಕೊಂಡಿತು.

ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಕೊಡಕ್ಕಲ್, ಪಾಲಕ್ಕಾಡ್, ಫೆರೋಕ್... ಮಿಷನ್ನಿನ ಹೆಂಚಿನ ಕಾರ್ಖಾನೆಗಳು ಒಟ್ಟು ಏಳಾದವು. ನೋಡಿ ಕಲಿತ ಊರಿನ ವ್ಯಾಪಾರಿಗಳೂ ಕಾರ್ಖಾನೆ ಹಾಕಿದರು. ಪಾದ್ರಿಗಳು ಗುಟ್ಟು ಕಟ್ಟಿಟ್ಟುಕೊಂಡು ಕೂರಲಿಲ್ಲ. ಹಡಗು ಹತ್ತಿ ಪರದೇಶಕ್ಕೆ ಹೋದ ಹೆಂಚಿಗೆ ಮಂಗಳೂರಿನ ಹೆಸರೇ ನಿಂತಿತು.

ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ಶುರು. ಭಾನುವಾರ ರಜೆ, ಏನೇ ಆರ್ಡರು ಇರಲಿ. ಗಂಟೆಗೆ ಸರಿಯಾಗಿ ಬರಬೇಕು, ಕುಡಿದು ಬರಕೂಡದು. ಸಂಬಳ ಕೈಗೆ ಸಿಗುತ್ತಿತ್ತು. ಹೆಂಗಸರಿಗೂ ಕೆಲಸ ಇತ್ತು. ಮೊದಲು ಸಭೆಯವರಿಗೆಂದೇ ತೆರೆದ ಕಾರ್ಖಾನೆಗಳಲ್ಲಿ ಬರಬರುತ್ತಾ ಹಿಂದೂಗಳು, ಮುಸಲ್ಮಾನರು ಅಕ್ಕಪಕ್ಕ ನಿಂತು ಮಣ್ಣು ಹೊತ್ತರು. ಇನ್ನೊಂದು ಜಾತಿಯವನ ಜೊತೆ ಒಂದೇ ಸೂರಿನ ಕೆಳಗೆ, ಒಂದೇ ಗಂಟೆಯ ಸದ್ದಿಗೆ ಕೆಲಸ ಮಾಡಿ ಅಭ್ಯಾಸವಾದದ್ದು ಎಷ್ಟೋ ಮಂದಿಗೆ ಅಲ್ಲೇ. ಅದರ ಬಗ್ಗೆ ಯಾರೂ ಪ್ರಸಂಗ ಮಾಡಲಿಲ್ಲ.

ಹಾಗಂತ ಎಲ್ಲಾ ಸಕ್ಕರೆ ಅಲ್ಲ. 'ಹೊಟ್ಟೆಪಾಡಿಗೆ ಜಾತಿ ಬಿಟ್ಟವರು' ಅನ್ನುವ ಚುಚ್ಚುಮಾತು ಸಭೆಗೆ ಸೇರಿದವರ ಬೆನ್ನು ಬಿಡಲಿಲ್ಲ. ಪೂರ್ತಿ ಸುಳ್ಳು ಅಂತ ಹೇಳುವ ಹಾಗೂ ಇಲ್ಲ, ಪೂರ್ತಿ ನಿಜವೂ ಅಲ್ಲ. ಹೊಟ್ಟೆಗಾಗಿ ಬಂದವರು ಇದ್ದರು. ಬಂದದ್ದರಿಂದಲೇ ಹೊಟ್ಟೆಗೆ ಇಲ್ಲದಂತಾದವರೂ ಇದ್ದರು. ಕಾರ್ಖಾನೆ ಹುಟ್ಟಿದ್ದೇ ಎರಡನೆಯವರಿಗಾಗಿ. ಇನ್ನು ಬಾಸೆಲಿನ ಹಿರಿಯರಿಗೂ ಒಳಗೊಳಗೇ ಪುಕಪುಕ. ಯಜಮಾನನೂ ಪಾದ್ರಿಯೂ ಒಬ್ಬನೇ ಆದರೆ ಕೆಲಸಗಾರ ತಲೆಬಾಗುವುದು ದೇವರಿಗೋ, ಸಂಬಳ ಬಟವಾಡೆ ಮಾಡುವವನಿಗೋ? ಲಾಭ ಬರುವ ಧರ್ಮಕಾರ್ಯ ಅಂದರೆ ಎಂಥದ್ದು? ಆ ಚರ್ಚೆ ಅವರಲ್ಲಿ ಕೊನೆಗೂ ತೀರಲಿಲ್ಲ.

ಮತ್ತೊಂದು ತಪ್ಪನ್ನೂ ಹೇಳಿಬಿಡಬೇಕು. ತುಳುನಾಡಿನ ಭೂತಾರಾಧನೆಯನ್ನು ಅವರು ಪಿಶಾಚಿಯ ಕೆಲಸ ಅಂತ ತಳ್ಳಿಹಾಕಿದರು. ಇಲ್ಲಿಯ ಜನ ತಲೆತಲಾಂತರದಿಂದ ನ್ಯಾಯ ಕೇಳುತ್ತಾ ಬಂದ ದೈವದ ಬಗ್ಗೆ ಅಷ್ಟು ಹಗುರ ಮಾತು ಆಗಬಾರದಿತ್ತು. ತಮಾಷೆ ನೋಡಿ, 1886ರಲ್ಲಿ ಪಾಡ್ದನಗಳನ್ನು ಪುಸ್ತಕ ಮಾಡಿ ಅಚ್ಚು ಹಾಕಿದ್ದೂ ಅದೇ ಮಿಷನ್ನಿನ ಮೆನ್ನರ್ ಸಾಹೇಬರು! ಅದೇ ವರ್ಷ ಅವರ ತುಳು ನಿಘಂಟೂ ಬಂತು. ಬೈದವರೇ ಬರೆದಿಟ್ಟರು.

ಮಾತು ಕಡಿಮೆ ಮಾಡಿದವರು

ನಿಘಂಟು ಅಂದ ಕೂಡಲೇ ಕಿಟ್ಟೆಲ್ ನೆನಪಾಗದೆ ಇರುತ್ತಾರೆಯೇ? 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಅಂತ ಕನ್ನಡ ಛಂದಸ್ಸಿನಲ್ಲೇ ಹಾಡಿದರು, 1862ರಲ್ಲಿ ಅದು ಅಚ್ಚಾಯಿತು. ಜರ್ಮನ್ ರಾಗಕ್ಕೆ ಕನ್ನಡ ಶಬ್ದ ತುರುಕಿ ಹಾಡಿಸುತ್ತಿದ್ದ ಕಾಲದಲ್ಲಿ ಇದೊಂದು ದೊಡ್ಡ ಮಾತು. ಆಮೇಲಿನ ಬದುಕಿನ ಬಹುಪಾಲು ಹೋದದ್ದು ಪದ ಹೆಕ್ಕುವುದರಲ್ಲಿ. 1894ರಲ್ಲಿ ಮಂಗಳೂರಿನ ಮಿಷನ್ ಪ್ರೆಸ್ಸಿನಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70 ಸಾವಿರ ಪದ. ಕಿಟ್ಟೆಲ್ಲರ ಪ್ರಸಂಗ ಕೇಳಿ ಎಷ್ಟು ಜನ ಸಭೆಗೆ ಸೇರಿದರೋ, ನಿಘಂಟು ಬಿಚ್ಚಿ ನೋಡಿದವರಂತೂ ಎಲ್ಲಾ ಜಾತಿ, ಎಲ್ಲಾ ಮತದವರು. ಇಂದಿಗೂ ಕನ್ನಡ ಮೇಷ್ಟ್ರುಗಳ ನಡುವೆ ಜಗಳ ಬಿದ್ದರೆ 'ಕಿಟ್ಟೆಲ್ ತೆಗೀರಿ' ಅನ್ನುವುದು ಉಂಟು.

ಬಲ್ಮಠದಿಂದ ಕಂಕನಾಡಿ ಎಷ್ಟು ದೂರ? ಅಲ್ಲಿಯ ಕಥೆ ಕಥೋಲಿಕರದ್ದು, ಆದರೆ ಜಾಡು ಒಂದೇ. ಜರ್ಮನಿಯ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ಇಟ್ಟರು. ಸಕ್ಕರೆ ಗುಳಿಗೆ ಕೊಡುವ ಪಾದ್ರಿ ಅಂತ ಜನ ಸೇರಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ. ಆ ರೋಗ ಬಂದವರನ್ನು ಹೆತ್ತವರೂ ಮುಟ್ಟದಿದ್ದ ಕಾಲ ಅದು. 1902ರಲ್ಲಿ ಪ್ಲೇಗು ಬಂದಾಗ ಅದಕ್ಕೊಂದು ಆಸ್ಪತ್ರೆ. 1910ರಲ್ಲಿ ಮುಲ್ಲರ್ ತೀರಿಕೊಂಡರು. ಔಷಧದ ಪೆಟ್ಟಿಗೆ ಇಟ್ಟ ಜಾಗ ಇವತ್ತು ಮೆಡಿಕಲ್ ಕಾಲೇಜು. ಕಂಕನಾಡಿ ಬಸ್ಸು ಹತ್ತುವವರಲ್ಲಿ ಅರ್ಧ ಜನರ ಕೈಯಲ್ಲಿ ಎಕ್ಸ್‌ರೇ ಕವರು, ಇನ್ನರ್ಧ ಜನರ ಕೈಯಲ್ಲಿ ಗಂಜಿಯ ಕ್ಯಾರಿಯರು.

ಬಾಸೆಲಿನವರ ಕಾರ್ಖಾನೆಗಳಿಗೆ ಗ್ರಹಚಾರ ಬಂದದ್ದು 1914ರಲ್ಲಿ. ಯುದ್ಧ ಹತ್ತಿಕೊಂಡಿತು. ಜರ್ಮನ್ ಅಂದರೆ ಶತ್ರು. 80 ವರ್ಷ ಈ ಊರಿನ ಮಣ್ಣು ಹಿಸುಕಿದ ಸಂಸ್ಥೆಯ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಶಿಬಿರಕ್ಕೆ ಹಾಕಿತು, ದೇಶದಿಂದ ಹೊರಗೆ ಕಳಿಸಿತು. ಹೆಂಚು, ನೇಯ್ಗೆ ಎಲ್ಲಾ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಸಭೆ ಮುಳುಗೀತು ಅಂತ ಎಣಿಸಿದವರು ಇದ್ದರು. ಮುಳುಗಲಿಲ್ಲ. ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವರ, ಹೆಂಚು ಸುಟ್ಟವರ ಮಕ್ಕಳು ಮೊಮ್ಮಕ್ಕಳೇ ಉಪದೇಶಿಗಳಾಗಿ, ಮೇಷ್ಟ್ರುಗಳಾಗಿ ನಡೆಸಿಕೊಂಡು ಹೋದರು.

ಯುದ್ಧ ಮುಗಿದ ಮೇಲೆ ಬಂದವರಲ್ಲಿ ಒಬ್ಬರು ಸ್ವಿಸ್ ಡಾಕ್ಟರಮ್ಮ, ಈವಾ ಲೊಂಬಾರ್ಡ್. 1923ರಲ್ಲಿ ಉಡುಪಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆ ತೆರೆದರು. ಗಂಡಸು ಡಾಕ್ಟರಿಗೆ ನಾಡಿ ತೋರಿಸಲು ಹೆಂಗಸರು ಒಪ್ಪದೆ, ಹೆರಿಗೆಯಲ್ಲಿ ಪ್ರಾಣ ಬಿಡುತ್ತಿದ್ದ ದಿನಗಳು. ಡಾಕ್ಟರಮ್ಮ ಧರ್ಮದ ಬಗ್ಗೆ ಮಾತಾಡಿದ್ದಕ್ಕಿಂತ ಹೆರಿಗೆ ಮಾಡಿಸಿದ್ದೇ ಹೆಚ್ಚು ಇರಬೇಕು. ಕೃಷ್ಣ ಮಠದ ಊರಿನಲ್ಲಿ ಆ ಆಸ್ಪತ್ರೆ 2023ಕ್ಕೆ ನೂರು ದಾಟಿತು. ಲೊಂಬಾರ್ಡ್ ಅಂತ ಬೋರ್ಡಿನಲ್ಲಿ ಬರೆದದ್ದು, ರಿಕ್ಷಾದವರಿಗೆ ಹೇಳುವುದು 'ಮಿಷನ್ ಆಸ್ಪತ್ರೆ' ಅಂತಲೇ.

ಹೆಂಚಿನ ಕಥೆಗೆ ಬಂದರೆ, ಅದು ಈಗ ಇಳಿಗಾಲದ ಸರಕು. ಕಾಂಕ್ರೀಟು ಬಂತು, ಶೀಟು ಬಂತು, ಮಣ್ಣು ಸಿಗುವುದು ಕಷ್ಟವಾಯಿತು, ಚಿಮಣಿಗಳು ಒಂದೊಂದಾಗಿ ತಣ್ಣಗಾದವು. ಮನೆ ಕೆಡವುವವರು ಹಳೇ ಹೆಂಚನ್ನು ಜೋಪಾನವಾಗಿ ಇಳಿಸಿ ರಾಶಿ ಹಾಕುತ್ತಾರೆ. ರೆಸಾರ್ಟ್ ಕಟ್ಟುವವರು ಬಂದು ಕೊಳ್ಳುತ್ತಾರೆ, ಹೆಸರು ಅಚ್ಚೊತ್ತಿದ ಭಾಗ ಮೇಲೆ ಕಾಣಬೇಕು ಅಂತ ಹಟ ಬೇರೆ.

ಪ್ರತಿ ಜುಲೈ 1ಕ್ಕೆ ರಾಜ್ಯದಲ್ಲೆಲ್ಲಾ ಪತ್ರಿಕಾ ದಿನಾಚರಣೆ. ಹಾರ, ಭಾಷಣ, ಶಾಲು, ಕಾಫಿ. 'ಮಂಗಳೂರು ಸಮಾಚಾರ'ದ ಹೆಸರು ಅಂದು ಹತ್ತು ಸಲ ಕೇಳುತ್ತದೆ, ಮೊಗ್ಲಿಂಗರದ್ದು ಐದು ಸಲ. ಆ ಹೊತ್ತಿಗೆ ಮಂಗಳೂರಿನಲ್ಲಿ ಮಳೆ ಹಿಡಿದಿರುತ್ತದೆ. ಬಲ್ಮಠದ ಸ್ಟಾಪಿನಲ್ಲಿ ಕೊಡೆ ಮರೆತು ಬಂದವರು ಹತ್ತಿರದ ಅಂಗಡಿಯ ಹೆಂಚಿನ ಸೂರಿನಡಿ ಒತ್ತಿಕೊಂಡು ನಿಂತು ಬಸ್ಸಿಗೆ ಕಾಯುತ್ತಾರೆ.